ಬೋರ್‌ವೆಲ್ ತೊಂದರೆ ಎಲ್ಲಿಂದ ಬಂತು? ಕೊರೆಯುವಾಗಲೂ ಕೊರೆದ ಮೇಲೂ ಕಾಣುವ ಲಕ್ಷಣಗಳು

ನಮ್ಮ ತೋಟ ಇರುವುದು ಮೂಡಿಗೆರೆಗೂ ಸಕಲೇಶಪುರಕ್ಕೂ ನಡುವೆ. ಒಂದು ಜನವರಿ ಬೆಳಗ್ಗೆ ಅಮ್ಮ ಬೋರ್ ನೀರಿನ ಬಿಂದಿಗೆ ಮೂಸಿ, "ಇದು ಪಲ್ಪ್‌ಹೌಸ್ ವಾಸನೆ ಕಣೋ" ಎಂದರು. ಪಲ್ಪ್‌ಹೌಸ್ ಎಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿದು ಬೀಜ ತೊಳೆಯುವ ಮನೆ. ನಾನು ನಂಬಲಿಲ್ಲ. 300 ಅಡಿ ಆಳದ ನೀರಿಗೆ ಕಾಫಿ ತೊಳೆದ ನೀರಿನ ವಾಸನೆ ಹೇಗೆ ಬರಬೇಕು? ಕಾರಣ ತಿಳಿಯಲು ಎರಡು ತಿಂಗಳು ಹಿಡಿಯಿತು. ಬೋರ್ ಕೊರೆಸುವ ದಿನ ನಾವು ಎರಡು ಕೇಸಿಂಗ್ ಪೈಪಿನ (ಮಣ್ಣು ಕುಸಿಯದಂತೆ, ಮೇಲಿನ ನೀರು ಸೇರದಂತೆ ಬೋರ್ ಒಳಗೆ ಇಳಿಸುವ ಪೈಪ್) ದುಡ್ಡು ಉಳಿಸಿದ್ದೆವು. ಬಂಡೆ ಸಿಕ್ಕಿತು ಎಂದುಕೊಂಡದ್ದು ಬಂಡೆಯಾಗಿರಲಿಲ್ಲ. ಮಣ್ಣಿನೊಳಗೆ ಹೂತು ಕೂತಿದ್ದ ದೊಡ್ಡ ಉಂಡೆಕಲ್ಲು ಅದು. ಕೇಸಿಂಗ್ ಅದರ ಮೇಲೆ ನಿಂತಿತ್ತು. ಕಲ್ಲಿನ ಕೆಳಗೆ ಮತ್ತೆ ಮಣ್ಣು. ಆ ಮಣ್ಣಿನ ಮೂಲಕ ಪಲ್ಪರ್ ಗುಂಡಿಯ, ಅಂದರೆ ಪಲ್ಪ್‌ಹೌಸ್ ನೀರು ಬಿಡುವ ಗುಂಡಿಯ ನೀರು ನಮ್ಮ ಬೋರ್‌ಗೆ ಸೇರುತ್ತಿತ್ತು.

ಅಲ್ಲಿಂದೀಚೆಗೆ ನೆಂಟರು, ಅಕ್ಕಪಕ್ಕದವರು ಯಾರೇ ಬೋರ್ ಕೊರೆಸಿದರೂ ಹೋಗಿ ನಿಲ್ಲುತ್ತೇನೆ. ಮಲೆನಾಡಿನ ಮಣ್ಣೂ ನೋಡಿದ್ದೇನೆ, ಕಡೂರು, ಅರಸೀಕೆರೆ ಕಡೆಯ ಕಲ್ಲೂ ನೋಡಿದ್ದೇನೆ. ಬಹಳಷ್ಟು ತೊಂದರೆ ಹುಟ್ಟುವುದು ಒಂದೇ ಜಾಗದಲ್ಲಿ. ಮಣ್ಣು ಮುಗಿದು ಬಂಡೆ ಶುರುವಾಗುವ ಜಾಗ, ಅಂದರೆ ಕೇಸಿಂಗ್‌ನ ಬುಡ. ಹಾಗಾಗಿ ಯಾವ ಲಕ್ಷಣ ಕಂಡರೂ ಮೊದಲು ಆ ಬುಡವನ್ನು ನೆನಪಿಸಿಕೊಳ್ಳಿ.

ಮೊದಲು ಎಚ್ಚರಿಕೆಯ ಮಾತು

ರಿಗ್ ಲಾರಿ, ಅಂದರೆ ಬೋರ್ ಕೊರೆಯುವ ಗಾಡಿ ನಿಲ್ಲಿಸುವ ಮೊದಲು ತಲೆ ಎತ್ತಿ ನೋಡಿ. ಮೇಲೆ ವಿದ್ಯುತ್ ತಂತಿ ಇದೆಯೇ? ಲಾರಿಯ ಕಂಬ ಎದ್ದು ನಿಂತಾಗ ತಂತಿಗೆ ತಗುಲಿದರೆ ಹಿಡಿದವರು ಯಾರೂ ಉಳಿಯುವುದಿಲ್ಲ. ಕಂಬದ ಎತ್ತರಕ್ಕಿಂತ ಜಾಸ್ತಿ ದೂರದಲ್ಲಿ ತಂತಿ ಇರಬೇಕು. ನೀರು ಸಿಗುತ್ತದೆ ಎಂದು ಗುರುತು ಮಾಡಿದ ಪಾಯಿಂಟ್ ತಂತಿಯ ಕೆಳಗೇ ಬಂದಿದೆ ಎಂದರೆ ಪಾಯಿಂಟ್ ಬಿಡಿ, ಇಲ್ಲವೇ ಲೈನ್ ಆಫ್ ಮಾಡಿಸಿ.

ತಿರುಗುವ ರಾಡ್ ಹತ್ತಿರ ಪಂಚೆ, ಟವೆಲ್, ಸೆರಗು ಯಾವುದೂ ಇರಬಾರದು. ಕಲ್ಲಿನ ಪುಡಿ ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಬಿಳಿಕಲ್ಲಿನ, ಅಂದರೆ ಬೆಣಚುಕಲ್ಲಿನ ಧೂಳು ಇನ್ನೂ ಕೆಟ್ಟದ್ದು. ಗಾಳಿ ಬರುವ ಕಡೆಗೆ ಬೆನ್ನು ಹಾಕಿ, ಧೂಳು ನಿಮ್ಮಿಂದ ಆಚೆ ಹೋಗುವಂತೆ ನಿಲ್ಲಿ, ಮೂಗಿಗೆ ಮಾಸ್ಕ್ ಹಾಕಿ. ಮಕ್ಕಳನ್ನು ನೋಡಲು ಕರೆತರಬೇಡಿ. ಊರಿನ ಮಕ್ಕಳು ಬಂದೇ ಬರುತ್ತಾರೆ. ಅದಕ್ಕೇ ಸುತ್ತ ಒಂದು ಹಗ್ಗ ಕಟ್ಟಿ, ಒಬ್ಬರನ್ನು ಕಾವಲಿಗೆ ನಿಲ್ಲಿಸಿ.

ಇನ್ನೊಂದು ಕೆಲಸ ನಿಮ್ಮದೇ. ಒಂದು ನೋಟ್‌ಬುಕ್, ಪೆನ್ನು, ಕೆಲವು ಪ್ಲಾಸ್ಟಿಕ್ ಕವರ್ ಇಟ್ಟುಕೊಳ್ಳಿ. ಒಂದು ರಾಡ್ ಸಾಮಾನ್ಯವಾಗಿ 20 ಅಡಿ ಇರುತ್ತದೆ. ಪ್ರತಿ ರಾಡ್ ಇಳಿಯಲು ಎಷ್ಟು ನಿಮಿಷ ಹಿಡಿಯಿತು, ಪುಡಿಯ ಬಣ್ಣ ಯಾವುದು, ತೇವ ಇತ್ತಾ ಎಂದು ಬರೆಯಿರಿ. ಒಂದು ಹಿಡಿ ಪುಡಿ ಕವರ್‌ಗೆ ಹಾಕಿ ಅಡಿ ಎಷ್ಟು ಎಂದು ಚೀಟಿ ಹಾಕಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಐದು ವರ್ಷ ಬಿಟ್ಟು ನೀರು ಕೆಟ್ಟಾಗ ಇದೊಂದೇ ದಾಖಲೆ ನಿಮ್ಮ ಕೈಯಲ್ಲಿ ಇರುತ್ತದೆ.

ಲಕ್ಷಣ: ಕಂಪ್ರೆಸರ್ ಓಡುತ್ತಿದೆ, ಪುಡಿ ಮೇಲೆ ಬರುತ್ತಿಲ್ಲ

ರಾಡ್ ತುದಿಯಲ್ಲಿರುವ ಹ್ಯಾಮರ್ ಕಲ್ಲು ಒಡೆಯುತ್ತದೆ, ಗಾಳಿ ಆ ಪುಡಿಯನ್ನು ಮೇಲಕ್ಕೆ ತಳ್ಳುತ್ತದೆ. ಪುಡಿ ನಿಂತರೆ ಗಾಳಿಗೆ ದಾರಿ ತಪ್ಪಿದೆ ಎಂದರ್ಥ.

ಮೊದಲು ಪುಡಿ ಮುಟ್ಟಿ ನೋಡಿ. ಜಿಗುಟಾಗಿ, ಉಂಡೆ ಕಟ್ಟುವಂತೆ ಬರುತ್ತಿತ್ತಾ? ಹಾಗಿದ್ದರೆ ತೇವದ ಪುಡಿ ರಾಡ್ ಸುತ್ತ ಬಳೆಯಂತೆ ಕಟ್ಟಿಕೊಂಡಿದೆ. ಒಣಗಿದ್ದ ತೂತಿಗೆ ಸ್ವಲ್ಪವೇ ಸ್ವಲ್ಪ ನೀರು ಒಸರಿದಾಗ ಹೀಗಾಗುವುದು ಜಾಸ್ತಿ. ರಾಡನ್ನು ನಾಲ್ಕೈದು ಅಡಿ ಮೇಲೆತ್ತಿ ಬರೀ ಗಾಳಿ ಊದಬೇಕು. ಆಗಲೂ ಬಿಡದಿದ್ದರೆ ಮೇಲಿನಿಂದ ನೀರು, ನೊರೆ ಕೊಟ್ಟು ಪುಡಿಯನ್ನು ತೆಳ್ಳಗೆ ಮಾಡಬೇಕು. ಈ ಹಂತದಲ್ಲಿ ಆತುರ ಮಾಡಿ ಇನ್ನೊಂದು ರಾಡ್ ಇಳಿಸಿದರೆ ಹ್ಯಾಮರ್ ಅಲ್ಲೇ ಹೂತುಹೋಗುತ್ತದೆ.

ಎರಡನೆಯದು, ಗಾಳಿಯ ಮೀಟರ್. ಆಪರೇಟರ್ ಪಕ್ಕದಲ್ಲೇ ಇರುತ್ತದೆ, ಕೇಳಿದರೆ ತೋರಿಸುತ್ತಾರೆ. ಮುಳ್ಳು ಏರಿದ್ದರೆ ಕೆಳಗೆ ಕಟ್ಟಿಕೊಂಡಿದೆ. ಮುಳ್ಳು ದಢಕ್ಕನೆ ಇಳಿದು ಹ್ಯಾಮರ್‌ನ ಟಕಟಕ ಸದ್ದೂ ನಿಂತರೆ ರಾಡ್ ಜಾಯಿಂಟ್ ಬಿಟ್ಟಿದೆ ಅಥವಾ ರಾಡ್ ತುಂಡಾಗಿದೆ ಎಂದು ಅನುಮಾನಿಸಬೇಕು. ತಕ್ಷಣ ತಿರುಗಿಸುವುದು ನಿಲ್ಲಿಸಬೇಕು.

ಮೂರನೆಯದು ಕೆಟ್ಟ ಸುದ್ದಿ ಆಗಬೇಕಿಲ್ಲ. ಗಾಳಿ ಯಾವುದೋ ಬಿರುಕಿಗೆ ಹೋಗುತ್ತಿರಬಹುದು. ನಮ್ಮ ಕಡೆ ಇದಕ್ಕೆ ಗ್ಯಾಪ್ ಸಿಕ್ಕಿತು ಎನ್ನುತ್ತಾರೆ. ಪಕ್ಕದ ತೋಟದ ಬೋರ್‌ನಲ್ಲಿ ನೀರು ಗುಳುಗುಳು ಎನ್ನುತ್ತಿದೆಯಾ, ಕೆಸರಾಗಿದೆಯಾ ಎಂದು ಯಾರನ್ನಾದರೂ ಕಳಿಸಿ ನೋಡಿಸಿ. ಹೌದು ಎಂದಾದರೆ ಎರಡೂ ಬೋರ್ ಒಂದೇ ಬಿರುಕಿನ ನೀರು ಕುಡಿಯುತ್ತವೆ. ಪಕ್ಕದವರಿಗೆ ಆವತ್ತೇ ಹೇಳಿ, ಮೋಟರ್ ಆಫ್ ಮಾಡಿಸಿ. ಮರುದಿನ ಜಗಳವಾಗಿ ಹೇಳುವುದಕ್ಕಿಂತ ಇದು ಒಳ್ಳೆಯದು, ಅಲ್ವಾ?

ಲಕ್ಷಣ: ರಾಡ್ ಮೇಲೂ ಬರುತ್ತಿಲ್ಲ, ಕೆಳಗೂ ಹೋಗುತ್ತಿಲ್ಲ

ಮೂರು ಕಾರಣ. ಪುಡಿ ಕಟ್ಟಿಕೊಂಡಿದೆ, ಮೇಲಿಂದ ಕಲ್ಲು ಬಿದ್ದು ಬೆಣೆಯಂತೆ ಸಿಕ್ಕಿದೆ, ಇಲ್ಲವೇ ಮಣ್ಣು ಕುಸಿದಿದೆ. ರಾಡ್ ತಿರುಗುತ್ತದೆ ಆದರೆ ಏರುವುದಿಲ್ಲ ಎಂದಾದರೆ ಮೇಲಿನಿಂದ ಬಿದ್ದ ಕಲ್ಲು ಇರಬಹುದು. ಗಾಳಿಯೂ ಹಿಂದಿರುಗುತ್ತಿಲ್ಲ, ತಿರುಗುವುದೂ ಇಲ್ಲ ಎಂದಾದರೆ ಕುಸಿತ.

ನೀವು ಮಾಡಬೇಕಾದದ್ದು ಒಂದೇ, ದೂರ ನಿಲ್ಲುವುದು. ಸಿಕ್ಕ ರಾಡನ್ನು ಜಗ್ಗುವಾಗ ಹಗ್ಗವೋ ಸರಪಳಿಯೋ ಹರಿದರೆ ಬೀಸಿ ಹೊಡೆಯುತ್ತದೆ. ಸಹಾಯ ಮಾಡುತ್ತೇನೆ ಎಂದು ಟ್ರ್ಯಾಕ್ಟರ್, ಜೆಸಿಬಿ ತಂದು ಎಳೆಸಬೇಡಿ. ಹ್ಯಾಮರ್ ಒಳಗೇ ಉಳಿದರೆ ಯಾರ ಖರ್ಚು ಎನ್ನುವುದನ್ನು ಕೊರೆಯುವ ಮೊದಲೇ ಮಾತಾಡಿಕೊಂಡಿರಬೇಕು. ಬೆಳಗಿನ ಜಾವ ಮೂರು ಗಂಟೆಗೆ, ಎಲ್ಲರೂ ಸುಸ್ತಾಗಿರುವಾಗ ಆ ಮಾತು ಶುರುವಾದರೆ ಮುಗಿಯುವುದಿಲ್ಲ.

ಲಕ್ಷಣ: ಬಂಡೆ ಸಿಕ್ಕಿತು ಎನ್ನುತ್ತಾರೆ, ನಿಮಗೆ ಅನುಮಾನ

ಇಡೀ ಕೆಲಸದಲ್ಲಿ ಅತ್ಯಂತ ಮುಖ್ಯವಾದ ಗಳಿಗೆ ಇದು. ನಿಧಾನವಾಗಿ ಓದಿ.

ಅರಸೀಕೆರೆ, ಕಡೂರು ಕಡೆ ಬಂಡೆ ಬೇಗ ಸಿಗುತ್ತದೆ. ಮಲೆನಾಡಿನಲ್ಲಿ ಹಾಗಲ್ಲ. ಲಕ್ಷಾಂತರ ವರ್ಷದ ಮಳೆಗೆ ಬಂಡೆ ಕೊಳೆತು ಮಣ್ಣಾಗಿದೆ. 100 ಅಡಿ ದಾಟಿದರೂ ಜೇಡಿಮಣ್ಣೇ ಬರುವ ಜಾಗಗಳಿವೆ. ಬಂಡೆ ಎಲ್ಲ ಕಡೆ ಒಂದೇ ಸಮ ಕೊಳೆಯುವುದಿಲ್ಲ. ನಡುವೆ ಗಟ್ಟಿ ಉಂಡೆಗಳು ಹಾಗೇ ಉಳಿದುಬಿಡುತ್ತವೆ. ಕೆಲವು ಮನೆಯಷ್ಟು ದೊಡ್ಡವು. ಸಕಲೇಶಪುರದ ರಸ್ತೆ ಅಗಲ ಮಾಡುವಾಗ ಕಡಿದ ಗುಡ್ಡದ ಬದಿ ನೋಡಿದವರಿಗೆ ಇದು ಗೊತ್ತು. ಕೆಂಪು ಮಣ್ಣಿನ ಗೋಡೆಯಲ್ಲಿ ದುಂಡನೆಯ ಕಲ್ಲುಗಳು ಹಲಸಿನ ಹಣ್ಣಿನೊಳಗಿನ ಬೀಜದಂತೆ ಕೂತಿರುತ್ತವೆ.

ಹ್ಯಾಮರ್ ತುದಿಯ ಬಿಟ್ ಅಂಥ ಉಂಡೆಗೆ ತಾಗಿದಾಗ ಸದ್ದು ಬದಲಾಗುತ್ತದೆ. ಪುಡಿ ಬೂದು ಬಣ್ಣಕ್ಕೆ ತಿರುಗುತ್ತದೆ. ರಾಡ್ ಇಳಿಯುವುದು ನಿಧಾನವಾಗುತ್ತದೆ. ಎಲ್ಲವೂ ಬಂಡೆಯ ಲಕ್ಷಣವೇ. "ಸಾರ್, ಬಂಡೆ ಬಂತು, ಕೇಸಿಂಗ್ ಇಳಿಸೋಣ" ಎನ್ನುತ್ತಾರೆ. ಆಪರೇಟರ್ ಮೋಸ ಮಾಡುತ್ತಿಲ್ಲ. ಅವರಿಗೂ ಒಳಗೆ ಕಾಣುವುದಿಲ್ಲ.

ಪರೀಕ್ಷೆ ಸುಲಭ. ಇನ್ನೂ 10 ಅಡಿ ಕೊರೆಯಿರಿ ಎಂದು ಹೇಳಿ. ಸಾಧ್ಯವಾದರೆ 15. ಪುಡಿ ಅಷ್ಟೂ ದೂರ ಬೂದಾಗಿ, ಹರಳು ಹರಳಾಗಿ, ಚೂಪಾಗಿ ಬಂದರೆ ಅದು ನಿಜವಾದ ಬಂಡೆ ಆಗಿರುವ ಸಾಧ್ಯತೆ ಹೆಚ್ಚು. ನಡುವೆ ರಾಡ್ ಸರ್ರನೆ ಇಳಿದು ಪುಡಿ ಮತ್ತೆ ಕಂದು, ಹಳದಿ ಬಣ್ಣಕ್ಕೆ ಬಂದರೆ ನೀವು ಉಂಡೆಕಲ್ಲು ದಾಟಿದ್ದೀರಿ. ಕೆಳಗೆ ಮತ್ತೆ ಮಣ್ಣು. ಕೇಸಿಂಗ್ ಅಲ್ಲಿಗೆ ನಿಲ್ಲಬಾರದು. ಅದಕ್ಕೇ ನಿಮಿಷ ಬರೆದಿಡಿ ಎಂದಿದ್ದು. ನಮ್ಮ ಬೋರ್ ಕೊರೆದ ರಾತ್ರಿ ನಾನು ನಿಮಿಷ ಬರೆದಿದ್ದರೆ ಆ ಎರಡು ಪೈಪ್ ಉಳಿಸುತ್ತಿರಲಿಲ್ಲ.

ಪುಡಿಯಲ್ಲಿ ಇನ್ನೂ ಒಂದು ಬಗೆ ಇದೆ. ಹಸಿರು ಮಿಶ್ರಿತ ಬೂದು, ಬೆರಳಿಗೆ ಸೋಪಿನಂತೆ ನುಣ್ಣಗೆ. ಹಳೇಬೀಡು, ಬೇಲೂರು ದೇವಸ್ಥಾನ ಕಡೆದ ಬಳಪದ ಕಲ್ಲಿನ ಜಾತಿ ಅದು. ಉಳಿಗೆ ಒಲಿಯುವ ಕಲ್ಲು ಬೋರ್‌ಗೆ ಅಷ್ಟು ಒಳ್ಳೆಯದಲ್ಲ. ಪದರ ಪದರವಾಗಿರುವ ಇಂಥ ಮೆತ್ತನೆಯ ಕಲ್ಲು ಗೋಡೆಯಿಂದ ಕಳಚಿ ಬೀಳಬಹುದು. ಅದನ್ನು ದಾಟಿ ಗಟ್ಟಿ ಕಲ್ಲಿಗೆ ಹೋದ ಮೇಲೇ ಕೇಸಿಂಗ್ ನಿಲ್ಲಿಸಿ.

ಕೇಸಿಂಗ್ ಇಳಿಯುವಾಗ ನೋಡಬೇಕಾದ್ದು ಇಷ್ಟು. ಪಿವಿಸಿ ಪೈಪ್ ಆದರೆ ಮೇಲೆ ಐಎಸ್ 12818 ಎಂಬ ಗುರುತು ಇರಬೇಕು. ಅದು ಬೋರ್‌ವೆಲ್ ಕೇಸಿಂಗ್‌ಗೆಂದೇ ಇರುವ ಮಾನದಂಡ. ಮನೆಯ ಡ್ರೈನೇಜ್ ಪೈಪ್ ಈ ಭಾರ ತಡೆಯುವುದಿಲ್ಲ. ಜಾಯಿಂಟ್ ಪೂರ್ತಿ ಕೂತಿದೆಯೇ ನೋಡಿ. ಕಬ್ಬಿಣದ ಪೈಪ್ ಆದರೆ ವೆಲ್ಡಿಂಗ್ ಸುತ್ತಲೂ ಆಗಬೇಕು, ನಾಲ್ಕು ಕಡೆ ಚುಕ್ಕೆ ಇಟ್ಟರೆ ಸಾಲದು. ಪೈಪ್ ಅರ್ಧಕ್ಕೆ ನಿಂತರೆ ಮೇಲಿಂದ ಬಡಿದು ಇಳಿಸಬೇಡಿ, ಪಿವಿಸಿ ಸೀಳುತ್ತದೆ. ಮೇಲಕ್ಕೆ ತೆಗೆದು, ತೂತನ್ನು ಮತ್ತೆ ಗಾಳಿಯಲ್ಲಿ ಚೊಕ್ಕ ಮಾಡಿ ಇಳಿಸುವುದೇ ದಾರಿ.

ಕೇಸಿಂಗ್ ಹೊರಗೆ, ಮಣ್ಣಿಗೂ ಪೈಪಿಗೂ ನಡುವೆ ಒಂದು ಸಂದು ಉಳಿಯುತ್ತದೆ. ಅದನ್ನು ಬಹಳ ಜನ ಬಂದ ಪುಡಿಯಲ್ಲೇ ಮುಚ್ಚಿ ಹೋಗುತ್ತಾರೆ. ನನ್ನ ಮಟ್ಟಿಗೆ ಇದು ದೊಡ್ಡ ತಪ್ಪು. ಮಳೆನೀರು ಆ ಸಂದಿನಲ್ಲೇ ಜಾರಿ ಕೇಸಿಂಗ್ ಬುಡಕ್ಕೆ ಇಳಿಯುತ್ತದೆ. ಸಿಮೆಂಟ್ ಹಾಲು ಸುರಿದು ಆ ಸಂದು ತುಂಬಿಸಿ. ಬೋರ್‌ನ ಒಟ್ಟು ಖರ್ಚಿನ ಮುಂದೆ ಕೆಲವು ಮೂಟೆ ಸಿಮೆಂಟ್ ದೊಡ್ಡದಲ್ಲ.

ಲಕ್ಷಣ: ಎಷ್ಟು ಕೊರೆದರೂ ನೀರಿಲ್ಲ, ಅಥವಾ "ಎರಡು ಇಂಚು ಬಂತು" ಎನ್ನುತ್ತಾರೆ

ನಮ್ಮ ಕಲ್ಲಿನಲ್ಲಿ ನೀರು ಇರುವುದು ಬಿರುಕಿನಲ್ಲಿ. ಆಳಕ್ಕೆ ಹೋದಷ್ಟೂ ಬಿರುಕು ವಿರಳವಾಗುತ್ತದೆ. ರಾಡ್ ಮೇಲೆ ರಾಡ್ ಅಷ್ಟಷ್ಟೇ ನಿಮಿಷ ಹಿಡಿದು, ಒಂದೇ ಬಣ್ಣದ ಒಣ ಪುಡಿ ಬರುತ್ತಿದ್ದರೆ ಕೆಳಗೆ ಬದಲಾವಣೆ ಏನೂ ಇಲ್ಲ. ಎಷ್ಟು ಅಡಿಗೆ ನಿಲ್ಲಿಸಬೇಕು ಎಂದು ಹಗಲಿನಲ್ಲೇ ಮನೆಯವರ ಜೊತೆ ಕೂತು ತೀರ್ಮಾನಿಸಿ. ಗಾಡಿ ಓಡುತ್ತಿರುವಾಗ "ಇನ್ನೊಂದು ರಾಡ್" ಎನ್ನುವ ಆಸೆ ಸಾಲ ಮಾಡಿಸುತ್ತದೆ. ಇದನ್ನು ಹೇಳುವಾಗ ಬಯಲುಸೀಮೆಯ ತೆಂಗಿನ ತೋಟದವರ ಮುಖ ಕಣ್ಣ ಮುಂದೆ ಬರುತ್ತದೆ. ಮರ ಒಣಗುತ್ತಿರುವಾಗ ನಿಲ್ಲಿಸುವುದು ಸುಲಭವಲ್ಲ, ನನಗೆ ಗೊತ್ತು.

ಇನ್ನು ಇಂಚಿನ ಲೆಕ್ಕ. ವಿ ಆಕಾರದ ಕಚ್ಚು ಇರುವ ತಗಡಿನ ಮೇಲೆ ನೀರು ಎಷ್ಟು ಇಂಚು ಎತ್ತರಕ್ಕೆ ಹರಿಯುತ್ತದೆ ಎಂಬುದೇ ಈ ಅಳತೆ. ಎರಡು ಇಂಚು ಎಂದರೆ ಒಂದು ಇಂಚಿನ ಎರಡರಷ್ಟು ಎಂದು ತಿಳಿಯಬೇಡಿ. 90 ಡಿಗ್ರಿ ಕಚ್ಚಿನಲ್ಲಿ 1 ಇಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್. ಒಂದೂವರೆ ಇಂಚು ಎಂದರೆ ಸುಮಾರು 1,400. 2 ಇಂಚಿಗೆ ಸುಮಾರು 2,900, 3 ಇಂಚಿಗೆ ಸುಮಾರು 8,000 ಲೀಟರ್. ಅರ್ಧ ಇಂಚು ಹೆಚ್ಚು ಕಡಿಮೆ ಹೇಳಿದರೂ ಮೋಟರ್ ಆಯ್ಕೆ ಪೂರ್ತಿ ತಪ್ಪುತ್ತದೆ. ಕಣ್ಣಂದಾಜು ಬೇಡ, ತಗಡು ಇಟ್ಟು ಅಳೆಸಿ. ಮೊದಲ ಹತ್ತು ನಿಮಿಷ ಒಳಗೆ ತುಂಬಿಕೊಂಡಿದ್ದ ನೀರು ಚಿಮ್ಮುತ್ತದೆ. ಒಂದು ಗಂಟೆ ಊದಿದ ಮೇಲೂ ನಿಂತಿರುವ ಅಳತೆಯೇ ನಿಮ್ಮದು.

ಲಕ್ಷಣ: ಮೋಟರ್ ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿದೆ

ತೂತು ಓರೆಯಾಗಿದೆ, ಅಥವಾ ಕೇಸಿಂಗ್ ಬುಡದಲ್ಲಿ ತುಟಿಯಂತೆ ಅಂಚು ಉಳಿದಿದೆ. ಎಷ್ಟು ಅಡಿಗೆ ಸಿಕ್ಕಿತು ಎಂದು ಪೈಪ್ ಲೆಕ್ಕ ಹಾಕಿ ನೋಟ್‌ಬುಕ್ ಜೊತೆ ಹೋಲಿಸಿ. ಕೇಸಿಂಗ್ ಮುಗಿಯುವ ಅಡಿಗೇ ಸರಿಹೊಂದಿದರೆ ಬುಡದ್ದೇ ತೊಂದರೆ. ಒತ್ತಿ ಇಳಿಸಬೇಡಿ. ಹೋದ ಮೋಟರ್ ಮತ್ತೆ ಮೇಲೆ ಬರದೇ ಇರಬಹುದು.

ಲಕ್ಷಣ: ನೀರು ಬೆಳ್ಳಗೆ ಅಥವಾ ಕೆಸರಾಗಿ ಬರುತ್ತಿದೆ

ಒಂದು ಗಾಜಿನ ಲೋಟ ಸಾಕು. ನೀರು ಹಿಡಿದು ಕಿಟಕಿಯ ಹತ್ತಿರ ಇಡಿ. ಬೆಳ್ಳಗಿದ್ದದ್ದು ತಳದಿಂದ ಮೇಲಕ್ಕೆ ತಿಳಿಯಾಗುತ್ತಾ ಬಂದರೆ ಅದು ಗಾಳಿಯ ಗುಳ್ಳೆ. ಕುಡಿಯಲು ತೊಂದರೆಯಿಲ್ಲ. ಆದರೆ ಮೋಟರ್ ಗಾಳಿ ಎಳೆಯುತ್ತಿರಬಹುದು, ನೀರಿನ ಮಟ್ಟ ಇಳಿದಿರಬಹುದು, ಅದನ್ನು ಗಮನಿಸಿ. ತಳದಲ್ಲಿ ಮಣ್ಣು ಕೂತರೆ ಯಾವಾಗ ಬರುತ್ತದೆ ಎಂಬುದನ್ನು ನೋಡಬೇಕು. ಉತ್ತರ ಇರುವುದೇ ಅಲ್ಲಿ.

ಮೋಟರ್ ಹಾಕಿದ ಮೊದಲ ಐದು ನಿಮಿಷ ಮಾತ್ರ ಕೆಸರು, ಆಮೇಲೆ ತಿಳಿ. ತಳದಲ್ಲಿ ಹೂಳು ತುಂಬಿದೆ ಅಥವಾ ಮೋಟರ್ ತಳಕ್ಕೆ ಹತ್ತಿರ ಕೂತಿದೆ. ಒಂದೆರಡು ಪೈಪ್ ಮೇಲೆತ್ತಿ ನೋಡಿ. ಸರಿಹೋಗದಿದ್ದರೆ ಕಂಪ್ರೆಸರ್ ತರಿಸಿ ಫ್ಲಶಿಂಗ್, ಅಂದರೆ ಗಾಳಿ ಊದಿ ಹೂಳು ತೆಗೆಯುವ ಕೆಲಸ ಮಾಡಿಸಿ.

ಮೊದಲು ತಿಳಿ, ಎರಡು ಗಂಟೆ ಓಡಿದ ಮೇಲೆ ಕೆಸರು. ಬೋರ್ ಕೊಡುವುದಕ್ಕಿಂತ ಜಾಸ್ತಿ ಎಳೆಯುತ್ತಿದ್ದೀರಿ. ಬಿರುಕಿನಲ್ಲಿದ್ದ ಮಣ್ಣು ಕಿತ್ತು ಬರುತ್ತಿದೆ. ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯುವಾಗ ಇದು ಕಾಣುತ್ತದೆ. ಗೇಟ್ ವಾಲ್ವ್ ತಿರುಗಿಸಿ ನೀರು ಕಡಿಮೆ ಮಾಡಿ ನೋಡಿ.

ಜೋರು ಮಳೆ ಬಂದ ಒಂದೆರಡು ದಿನಕ್ಕೆ ಕೆಸರು, ಮಳೆ ನಿಂತರೆ ತಿಳಿ. ಮೇಲಿನ ನೀರು ಕೇಸಿಂಗ್ ಪಕ್ಕದಿಂದ ಅಥವಾ ಬುಡದಿಂದ ಒಳಗೆ ಹೋಗುತ್ತಿದೆ. ಮೂರರಲ್ಲಿ ಇದಕ್ಕೇ ನಾನು ಹೆಚ್ಚು ಹೆದರುವುದು. ಮಣ್ಣು ಬರುವ ದಾರಿಯಲ್ಲಿ ಕಕ್ಕಸಿನ ನೀರೂ ಬರುತ್ತದೆ.

ಲಕ್ಷಣ: ಹಿಡಿದಾಗ ತಿಳಿ, ಹೊತ್ತು ಕಳೆದರೆ ಕೆಂಪು

ಇದು ಮಣ್ಣಲ್ಲ, ಕಬ್ಬಿಣ. ಗಾಳಿ ತಾಗಿದ ಮೇಲೆ ತುಕ್ಕಾಗಿ ಬಣ್ಣ ತೋರಿಸುತ್ತದೆ. ಹಾಲು ಹಾಕದ ಚಹಾ ಡಿಕಾಕ್ಷನ್‌ಗೆ ಈ ನೀರು ಬೆರೆಸಿ. ಮಸಿಯಂತೆ ಕಪ್ಪಾದರೆ ಕಬ್ಬಿಣ ಇರುವುದು ಖಾತ್ರಿ. ಬಾಬಾಬುಡನ್‌ಗಿರಿ, ಕುದುರೆಮುಖದ ಬೆಟ್ಟಗಳಲ್ಲಿ ಕಬ್ಬಿಣದ ಅದಿರೇ ಇರುವಾಗ ನಮ್ಮ ಸೀಮೆಯ ನೀರಿನಲ್ಲಿ ಅದು ಕಾಣುವುದು ಆಶ್ಚರ್ಯವಲ್ಲ. ಮೊದಲಿನಿಂದಲೂ ಹೀಗೇ ಇದ್ದರೆ ಕಲ್ಲಿನ ಗುಣ, ಫಿಲ್ಟರ್ ಹಾಕಿಸಿ. ಐದಾರು ವರ್ಷ ಚೆನ್ನಾಗಿದ್ದು ಈಚೆಗೆ ಶುರುವಾದರೆ ಕಬ್ಬಿಣದ ಕೇಸಿಂಗ್ ಅಥವಾ ಪೈಪ್ ತುಕ್ಕು ಹಿಡಿದಿರಬಹುದು. ಮೋಟರ್ ಎತ್ತಿದಾಗ ಪೈಪಿನ ಒಳಗೆ ಕೈ ಹಾಕಿ ನೋಡಿ.

ಲಕ್ಷಣ: ನೀರಿಗೆ ವಾಸನೆ, ಅದರಲ್ಲೂ ಪಲ್ಪಿಂಗ್ ಕಾಲದಲ್ಲಿ

ಅರೇಬಿಕಾ ಕೊಯ್ಲು ನವೆಂಬರ್‌ಗೆ ಶುರುವಾಗುತ್ತದೆ, ರೊಬಸ್ಟಾ ಜನವರಿಯ ನಂತರವೂ ನಡೆಯುತ್ತದೆ. ಆ ತಿಂಗಳುಗಳಲ್ಲಿ ಪಲ್ಪ್‌ಹೌಸ್‌ನಿಂದ ಹೊರಬರುವ ನೀರು ಸಿಹಿ ಲೋಳೆಯಿಂದ ಕೂಡಿರುತ್ತದೆ. ಎರಡು ದಿನದಲ್ಲಿ ಹುಳಿಯುತ್ತದೆ. ಹಳ್ಳಕ್ಕೆ ಸೇರಿದರೆ ನೀರಿನ ಆಮ್ಲಜನಕ ತಿಂದು ಮೀನು ಸಾಯಿಸುತ್ತದೆ. ನೆಲಕ್ಕೆ ಇಂಗಿದರೆ ಕಾಣುವುದಿಲ್ಲ ಅಷ್ಟೇ, ಎಲ್ಲೂ ಹೋಗಿರುವುದಿಲ್ಲ.

ವಾಸನೆ ಬಂದ ದಿನವೇ ಕುಡಿಯುವುದಕ್ಕೆ, ಅಡುಗೆಗೆ ಬೇರೆ ನೀರು ತನ್ನಿ. ಲೈನ್ ಮನೆಗಳಲ್ಲಿರುವ ತೋಟದ ಕೆಲಸದವರಿಗೂ ಹೇಳಿ, ಅವರಿಗೂ ಬೇರೆ ನೀರಿನ ವ್ಯವಸ್ಥೆ ಮಾಡಿ. ಬ್ಲೀಚಿಂಗ್ ಪೌಡರ್ ಸುರಿದು ಸುಮ್ಮನಾಗಬೇಡಿ. ವಾಸನೆ ಮುಚ್ಚುತ್ತದೆ, ತೂತು ಮುಚ್ಚುವುದಿಲ್ಲ.

ಆಮೇಲೆ ಕಣ್ಣಿನ ಪರೀಕ್ಷೆ. ಕೇಸಿಂಗ್ ನೆಲದಿಂದ ಎಷ್ಟು ಎತ್ತರ ಇದೆ? ಸುತ್ತ ನೀರು ನಿಲ್ಲುತ್ತದೆಯಾ? ಕಟ್ಟೆ ಬಿರುಕು ಬಿಟ್ಟಿದೆಯಾ? ಮುಚ್ಚಳ ಇದೆಯಾ? ಕಕ್ಕಸು ಗುಂಡಿ, ದನದ ಕೊಟ್ಟಿಗೆ, ಪಲ್ಪರ್ ಗುಂಡಿ ಎಷ್ಟು ದೂರ, ಬೋರ್‌ಗಿಂತ ಮೇಲಿದೆಯಾ ಕೆಳಗಿದೆಯಾ? ಗುಂಡಿಗೂ ಬೋರ್‌ಗೂ 50 ಅಡಿ ಅಂತರ ಎಂಬುದು ಸಾಮಾನ್ಯ ಲೆಕ್ಕ. ಗುಡ್ಡದ ಇಳಿಜಾರಿನಲ್ಲಿ, ಬಿರುಕುಬಿಟ್ಟ ಕಲ್ಲಿನಲ್ಲಿ ಆ ಲೆಕ್ಕ ನಂಬಬೇಡಿ. ನಮ್ಮ ಗುಂಡಿ ಅದಕ್ಕಿಂತ ದೂರವೇ ಇತ್ತು.

ಮುಂದೆ ಕಿವಿ. ಮೋಟರ್ ಆಫ್ ಮಾಡಿ, ಕತ್ತಲಾದ ಮೇಲೆ, ಕೇಸಿಂಗ್ ಬಾಯಿಗೆ ಕಿವಿ ಕೊಟ್ಟು ಕೇಳಿ. ಒಳಗೆ ನೀರು ತೊಟ್ಟಿಕ್ಕುವ ಸದ್ದು ಬಂದರೆ ಮೇಲೆ ಎಲ್ಲೋ ಒಸರುತ್ತಿದೆ. ಅದು ಬಂಡೆಯ ಒಳ್ಳೆಯ ಬಿರುಕಿನಿಂದಲೂ ಇರಬಹುದು, ಹಾಗಾಗಿ ಇಷ್ಟಕ್ಕೇ ತೀರ್ಮಾನ ಬೇಡ. ರಿಪೇರಿಗೆ ಮೋಟರ್ ಎತ್ತಿದಾಗ ಮಧ್ಯಾಹ್ನದ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಒಳಗೆ ಬಿಡಿ. ಟಾರ್ಚ್‌ಗಿಂತ ಚೆನ್ನಾಗಿ ಕಾಣುತ್ತದೆ. ಕೇಸಿಂಗ್ ಜಾಯಿಂಟಿನಲ್ಲಿ ಅಥವಾ ಬುಡದಲ್ಲಿ ಕಂದು ಗೆರೆ ಇಳಿದಿದ್ದರೆ ಅದೇ ದಾರಿ. ನಮ್ಮಲ್ಲಿ ಕಂಡಿದ್ದು ಹೀಗೇ.

ನಂತರ ಲ್ಯಾಬ್. ಹೈಡ್ರೋಜನ್ ಸಲ್ಫೈಡ್ ಬಾಟಲಿ ಪರೀಕ್ಷೆ ಅಗ್ಗದ್ದು. ಬಾಟಲಿಗೆ ನೀರು ತುಂಬಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಮಲದ ಸೂಕ್ಷ್ಮಾಣು ಇರುವ ಅನುಮಾನ ಬಲವಾಗುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಪೂರ್ತಿ ಪರೀಕ್ಷೆ ಮಾಡಿಸುವಾಗ ನೈಟ್ರೇಟ್ ಮತ್ತು ಇ. ಕೋಲಿ ಕೇಳಿ ಮಾಡಿಸಿ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ನೈಟ್ರೇಟ್ ಲೀಟರ್‌ಗೆ 45 ಮಿಲಿಗ್ರಾಂ ದಾಟಬಾರದು. ಇ. ಕೋಲಿ 100 ಮಿಲಿಲೀಟರ್‌ನಲ್ಲಿ ಒಂದೂ ಇರಬಾರದು. ನೈಟ್ರೇಟ್ ಜಾಸ್ತಿ ಇರುವ ನೀರು ಪುಟ್ಟ ಕೂಸಿಗೆ ಅಪಾಯ. ಕುದಿಸಿದರೂ ಅದು ಹೋಗುವುದಿಲ್ಲ. ಬಯಲುಸೀಮೆಯ ಆಳದ ಬೋರ್ ಆದರೆ ಫ್ಲೋರೈಡನ್ನೂ ಸೇರಿಸಿ. ಅದಕ್ಕೆ 1.5 ಮಿಲಿಗ್ರಾಂ ಕೊನೆಯ ಮಿತಿ.

ಇಲ್ಲಿಂದ ಮುಂದೆ ನಿಮ್ಮ ಕೈಯಲ್ಲಿಲ್ಲ. ಬೋರ್‌ಗೆ ಕ್ಯಾಮೆರಾ ಇಳಿಸಿ ನೋಡುವವರು ಇದ್ದಾರೆ, ಅವರನ್ನು ಕರೆಸಿ. ತೂತು ಕೇಸಿಂಗ್ ಬುಡದಲ್ಲೇ ಇದ್ದರೆ ಒಳಗೆ ಸಣ್ಣ ಕೇಸಿಂಗ್ ಇಳಿಸಿ, ಗಟ್ಟಿ ಬಂಡೆಯಲ್ಲಿ ಕೂರಿಸಿ, ನಡುವಿನ ಸಂದಿಗೆ ಸಿಮೆಂಟ್ ತುಂಬಬಹುದು. ನಾವು ಮಾಡಿಸಿದ್ದು ಅದನ್ನೇ. ಬೋರ್ ಕಿರಿದಾಯಿತು, ಸಣ್ಣ ಮೋಟರ್ ಹಾಕಬೇಕಾಯಿತು, ವಾಸನೆ ಹೋಯಿತು. ಜೊತೆಗೇ ಪಲ್ಪರ್ ಗುಂಡಿಯನ್ನು ಕೆಳಗಿನ ಜಾಗಕ್ಕೆ ಸಾಗಿಸಿ, ತಳಕ್ಕೆ ದಪ್ಪ ಶೀಟ್ ಹಾಸಿದೆವು. ಗುಂಡಿ ಹಾಗೇ ಬಿಟ್ಟು ಬೋರ್ ಮಾತ್ರ ರಿಪೇರಿ ಮಾಡಿಸಿದರೆ ಪಕ್ಕದವರ ಬೋರ್‌ಗೆ ಹೋಗುತ್ತದೆ.

ಗುಂಡಿ ಪರೀಕ್ಷೆ ಮಾಡಲು ಯಾರೂ ಒಳಗೆ ಇಳಿಯಬಾರದು. ಕೊಳೆತ ನೀರಿನ ಗುಂಡಿಯಲ್ಲಿ ವಿಷಗಾಳಿ ಇರುತ್ತದೆ, ಉಸಿರಾಡುವ ಗಾಳಿ ಇರುವುದಿಲ್ಲ. ಒಬ್ಬರು ಬಿದ್ದರೆಂದು ಎತ್ತಲು ಇಳಿದ ಎರಡನೆಯವರೂ ಬೀಳುತ್ತಾರೆ.

ಲಕ್ಷಣ: ನೀರು ಬಿಟ್ಟು ಬಿಟ್ಟು ಬರುತ್ತಿದೆ

ಪ್ಯಾನೆಲ್ ಬೋರ್ಡಿನ ಆಂಪಿಯರ್ ಮೀಟರ್ ನೋಡಿ. ಮಾಮೂಲಿಗಿಂತ ಕಡಿಮೆ ತೋರಿಸಿದರೆ ಮೋಟರ್‌ಗೆ ನೀರು ಸಿಗುತ್ತಿಲ್ಲ. ಆಫ್ ಮಾಡಿ, ಎರಡು ಗಂಟೆ ಬಿಟ್ಟು ಹಾಕಿ, ಎಷ್ಟು ನಿಮಿಷ ಬಂತು ಎಂದು ಬರೆಯಿರಿ. ದಿನವೂ ಆ ನಿಮಿಷ ಇಳಿಯುತ್ತಾ ಹೋದರೆ ಬೋರ್ ಬತ್ತುತ್ತಿದೆ. ಜಾಸ್ತಿ ತೋರಿಸಿದರೆ ಮರಳು ಸಿಕ್ಕಿದೆ, ವೋಲ್ಟೇಜ್ ಕಡಿಮೆ ಇದೆ ಅಥವಾ ಒಂದು ಫೇಸ್ ಹೋಗಿದೆ, ಕೂಡಲೇ ನಿಲ್ಲಿಸಿ. ಟ್ರಾನ್ಸ್‌ಫಾರ್ಮರ್ ರಿಪೇರಿಯಾದ ಮರುದಿನ ನೀರು ಕಡಿಮೆಯಾದರೆ ಫೇಸ್ ಅದಲುಬದಲಾಗಿ ಮೋಟರ್ ಉಲ್ಟಾ ತಿರುಗುತ್ತಿರಬಹುದು. ಬೋರ್ ಬತ್ತಿತು ಎಂದು ಗಾಬರಿಯಾಗುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಸ್ಟಾರ್ಟರ್ ಪೆಟ್ಟಿಗೆ ನೀವೇ ಬಿಚ್ಚಬೇಡಿ, ಒದ್ದೆ ಕಾಲಲ್ಲಂತೂ ಮುಟ್ಟಲೇಬೇಡಿ.

ನೀರಿಲ್ಲ ಎಂದು ಬಿಟ್ಟ ಬೋರ್

ಗಾಡಿ ಹೊರಡುವ ಮೊದಲು ಬಾಯಿ ಮುಚ್ಚಿಸಿ. ಕಲ್ಲು ಇಟ್ಟರೆ, ಗೋಣಿ ಕಟ್ಟಿದರೆ ಮುಚ್ಚಿದಂತಲ್ಲ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಹೊಸದಾಗಿ ಕೊರೆದ ಬೋರ್‌ಗೆ ಎರಡು ವರ್ಷದ ಒಳಗಿನ ಮಗು ಬಿತ್ತು. ಆ ಮಗು ಬದುಕಿತು. ಹಾಗೆ ಬಿದ್ದ ಎಷ್ಟೋ ಮಕ್ಕಳು ಬದುಕಲಿಲ್ಲ.

ಸುಪ್ರೀಂ ಕೋರ್ಟ್ 2010ರಲ್ಲೇ ನಿಯಮ ಹೇಳಿದೆ. ಕೊರೆಯುವಾಗ ಸುತ್ತ ಬೇಲಿ ಇರಬೇಕು. ಕೇಸಿಂಗ್ ಸುತ್ತ ಸಿಮೆಂಟ್ ಕಟ್ಟೆ ಕಟ್ಟಬೇಕು, ಅದು ನೆಲದ ಮೇಲೆ 30 ಸೆಂಟಿಮೀಟರ್, ಕೆಳಗೆ 30 ಸೆಂಟಿಮೀಟರ್ ಇರಬೇಕು. ಬಾಯಿಗೆ ವೆಲ್ಡಿಂಗ್ ಮಾಡಿದ ಅಥವಾ ಬೋಲ್ಟ್ ಹಾಕಿದ ಮುಚ್ಚಳ ಬೇಕು. ಮೋಟರ್ ರಿಪೇರಿಗೆ ಎತ್ತಿದಾಗಲೂ ತೆರೆದು ಬಿಡುವಂತಿಲ್ಲ. ಇದನ್ನು ಬಹಳ ಜನ ಮರೆಯುತ್ತಾರೆ. ಮೋಟರ್ ಪೇಟೆಗೆ ಹೋಗಿ ನಾಲ್ಕು ದಿನ ಬರುವುದಿಲ್ಲ, ಬೋರ್ ಬಾಯಿ ಹಾಗೇ ತೆರೆದಿರುತ್ತದೆ.

ಪೂರ್ತಿ ಬಿಟ್ಟ ಬೋರ್ ಆದರೆ ತಳದಿಂದ ನೆಲದ ಮಟ್ಟದವರೆಗೆ ಮಣ್ಣು, ಮರಳು, ಜಲ್ಲಿ, ಕೊರೆದಾಗ ಬಂದ ಪುಡಿ ಹಾಕಿ ತುಂಬಿಸಿ. ಕಸ, ಪ್ಲಾಸ್ಟಿಕ್, ಕಾಫಿ ಸಿಪ್ಪೆ ತುಂಬಬೇಡಿ. ಅದು ಊರಿನ ಎಲ್ಲ ಬೋರ್‌ಗೂ ಕೊಳಚೆ ಸುರಿದಂತೆ. ತುಂಬಿದ ಮಣ್ಣು ಒಂದೆರಡು ಮಳೆಗೆ ಕುಗ್ಗುತ್ತದೆ. ಆಗ ಮತ್ತೆ ಹೋಗಿ ನೋಡಿ, ಕುಗ್ಗಿದಷ್ಟು ಮಣ್ಣು ಹಾಕಿ ಬನ್ನಿ.